ಎರಡಿಂಚಿನ ಎತ್ತರ

ಮನುಷ್ಯನಿಗೆ ಎತ್ತರದ ಮೇಲಿರುವ ಮೋಹ ಸಣ್ಣದಲ್ಲ. ಕುಳ್ಳನಾದವನು ಹಿಮ್ಮಡಿ ಎತ್ತರವಿರುವ ಪಾದರಕ್ಷೆಯನ್ನು ಹುಡುಕುತ್ತಾನೆ. ಮನೆ ಕಟ್ಟಿಸುವವನು ಪಕ್ಕದ ಮನೆಗಿಂತ ತನ್ನದು ಒಂದು ಮೊಳವಾದರೂ ಮೇಲಿರಲಿ ಎನ್ನುತ್ತಾನೆ. ಸಭೆಯಲ್ಲಿ ಮಾತಾಡುವವನಿಗೆ ನೆಲದ ಮೇಲೆ ನಿಂತರೆ ಮಾತೇ ಹೊರಡುವುದಿಲ್ಲ, ವೇದಿಕೆ ಬೇಕು. ಇಂಥವರನ್ನೆಲ್ಲ ಕಂಡು ಒಳಗೊಳಗೇ ನಕ್ಕವನು ನಾನು. ಸ್ವತಃ ನಾನು ಐದಡಿ ನಾಲ್ಕಿಂಚಿನ ಆಳು. ಆ ಬಗ್ಗೆ ನನಗೆ ಎಂದೂ ಅಸಮಾಧಾನವಾದದ್ದಿಲ್ಲ. ಹೀಗಿರಲು, ತಲೆ ನರೆತ ಮೇಲೆ, ಗಂಟಿನ ದುಡ್ಡು ಬಿಚ್ಚಿ ನಾನು ಎರಡಿಂಚು ಎತ್ತರವನ್ನು ಕೊಂಡು ತಂದೆನೆಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ಎತ್ತರ ನನಗಲ್ಲ, ನನ್ನ ಜೀಪಿಗೆ ಎಂದು ತಿದ್ದಿ ಹೇಳಿದರೂ ಅಪರಾಧವೇನೂ ಕಡಿಮೆಯಾಗುವುದಿಲ್ಲ.

ನಮ್ಮದು ಮಹೀಂದ್ರದವರ ಎಮ್.ಎಮ್. 540 ಎಂಬ ಹಳೆಯ ಜೀಪು. ಧಾರವಾಡ ಜಿಲ್ಲೆ ಒಡೆದು ಹಾವೇರಿ ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಜೀಪು ಹುಟ್ಟಿದ್ದೂ ಅದೇ ಆಸುಪಾಸಿನಲ್ಲಿ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಮತ್ತೆ ಮತ್ತೆ ನವೀಕರಿಸಿಕೊಂಡು ಅದನ್ನು ಇಟ್ಟುಕೊಂಡಿದ್ದೇನೆ. ಅದರ ವಂಶ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯವರು ಸೈನ್ಯಕ್ಕೆಂದು ಮಾಡಿದ ಗಾಡಿಯ ಸಂತಾನ ಅದು. ಮುಂದೊಂದು ಹಿಂದೊಂದು ಗಟ್ಟಿ ಅಚ್ಚು, ನಾಲ್ಕೂ ಗಾಲಿಗೆ ಶಕ್ತಿ, ಗಾಲಿಗೊಂದರಂತೆ ನಾಲ್ಕು ಪಾಟಾ. ಪಾಟಾ ಎಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಒಂದು ಬೋಲ್ಟು ಹಾಕಿ ಬಿಗಿದ ಕಟ್ಟು. ಗಾಡಿಯ ಮೈ ಕುಳಿತಿರುವುದು ಅದರ ಮೇಲೆ. ಅದರಲ್ಲಿ ಕೂತವನ ಬೆನ್ನುಮೂಳೆಗೆ ದಾರಿಯ ಪ್ರತಿಯೊಂದು ಕಲ್ಲೂ ಪ್ರತ್ಯೇಕವಾಗಿ ಪರಿಚಯವಾಗುತ್ತದೆ. ಆದರೂ ಹೊಲಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ಗಾಡಿಯನ್ನು ನಾನು ಕಂಡಿಲ್ಲ.

ಹೊಲವೆಂದೆ. ಕತೆಯೆಲ್ಲ ಇರುವುದು ಆ ಹೊಲದ ದಾರಿಯಲ್ಲಿ. ನಾವು ಇರುವುದು ಹಾವೇರಿಯಲ್ಲಿ. ಅವ್ವ ಇರುವುದು ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಹಳೆಯ ಮನೆಯಲ್ಲಿ. ಹಳ್ಳಿಯಿಂದ ಎರಡು ಕಿಲೋಮೀಟರು ದೂರ ನಮ್ಮ ಎರೆ ಹೊಲ. ಅಲ್ಲಿ ಮೆಣಸಿನ ಗಿಡ, ಹತ್ತಿ, ಸಾಲಿನ ನಡುವೆ ಒಂದಿಷ್ಟು ಅಕ್ಕಡಿ ಕಾಳು. ಎರೆ ನೆಲದ ಸ್ವಭಾವವನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಅದು ಬಿರಿದು ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮಳೆ ಬಿತ್ತೆಂದರೆ ನೀರು ಕುಡಿದು ಉಬ್ಬಿ ಅಂಟಿನಂತಾಗುತ್ತದೆ. ಅದರಲ್ಲಿ ನಾಲ್ಕು ಹೆಜ್ಜೆ ನಡೆದವನ ಕಾಲಿಗೆ ಒಂದೊಂದು ಸೇರು ಭೂಮಿ ಹತ್ತಿಕೊಂಡಿರುತ್ತದೆ. ಆ ದಾರಿಯಲ್ಲಿ ಮೊದಲು ಚಕ್ಕಡಿಗಳು ತಿರುಗುತ್ತಿದ್ದವು, ಈಗ ಟ್ರ್ಯಾಕ್ಟರು ತಿರುಗುತ್ತವೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರ, ಗಾಲಿ ಭಾರ. ಅದು ಎರಡೂ ಕಡೆ ಆಳವಾದ ಜಾಡು ಕೊರೆದು ನಡುವೆ ಒಂದು ದಿಬ್ಬವನ್ನು ಉಳಿಸಿ ಹೋಗುತ್ತದೆ. ಅದರ ಹಿಂದೆ ಬಂದ ಕುಳ್ಳ ಗಾಡಿಯವರ ಪಾಡು ದೇವರಿಗೇ ಪ್ರೀತಿ.

ಆಚೆ ವರ್ಷದ ಸೀಗಿ ಹುಣ್ಣಿಮೆಯಂದು ಹಾಗೇ ಆಯಿತು. ಸೀಗಿ ಹುಣ್ಣಿಮೆಯೆಂದರೆ ಬೆಳೆ ಹೊತ್ತು ನಿಂತ ಭೂತಾಯಿಗೆ ಸೀಮಂತದ ದಿನ. ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಕಲೆಸಿ ಹೊಲದ ತುಂಬ ಚರಗ ಚೆಲ್ಲಬೇಕು. ಅವ್ವ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಇದನ್ನು ತಪ್ಪಿಸಿದವಳಲ್ಲ. ಅಂದು ಅವಳನ್ನು ಜೀಪಿನಲ್ಲಿ ಮುಂದೆ ಕೂರಿಸಿಕೊಂಡು ಹೊರಟೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಅರ್ಧ ದಾರಿಯಲ್ಲಿ ಜೀಪು ಗರ್ ಎಂದು ಕೂತಿತು. ನಾಲ್ಕು ಗಾಲಿಯೂ ಜಾಡಿನಲ್ಲಿ ತಿರುಗುತ್ತಿವೆ, ಗಾಡಿ ಮಾತ್ರ ನಡುದಿಬ್ಬದ ಮೇಲೆ ಹೊಟ್ಟೆ ಊರಿ ಆಮೆಯಂತೆ ಕೂತಿದೆ. ಅವ್ವ ಬುಟ್ಟಿ ಹಿಡಿದುಕೊಂಡು ಕೆಸರಿಗೆ ಇಳಿದಳು. ಬೇಡವೆಂದರೂ ಕೇಳಲಿಲ್ಲ. ಹತ್ತು ಹೆಜ್ಜೆಗೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಕಾಲು ಉಳುಕಿ ಒಂದು ತಿಂಗಳು ಹಾಸಿಗೆ ಹಿಡಿದಳು. ಎಂಬತ್ತೆರಡು ವರ್ಷದವಳನ್ನು ನಾನು ಕೆಸರಿನಲ್ಲಿ ಬೀಳಿಸಿದೆನೆಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಇನ್ನು ಎಷ್ಟು ಹುಣ್ಣಿಮೆ ಅವಳ ಪಾಲಿಗೆ ಇವೆಯೋ. ಅವುಗಳಲ್ಲಿ ಒಂದೂ ಹೀಗಾಗಬಾರದೆಂದುಕೊಂಡೆ.

ಈ ಮುಳ್ಳನ್ನು ತೆಗೆಯುವ ಉಪಾಯ ನನ್ನ ಚಿರಂಜೀವಿಯ ಬಳಿ ಇತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವನಿಗೆ ರಜಾದಿನಗಳಲ್ಲಿ ಗೆಳೆಯರೊಡನೆ ಕಾಡುಮೇಡು ಹತ್ತಿಳಿಯುವ ಹವ್ಯಾಸ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯ ಸುರುಳಿ ಸ್ಪ್ರಿಂಗುಗಳ ಗುಣಗಾನವನ್ನು ಅವನು ಭಕ್ತನಂತೆ ಮಾಡುತ್ತಾನೆ.

"ಅಪ್ಪಾ, ನಮ್ಮ ಗಾಡಿಗೆ ಲಿಫ್ಟ್ ಕಿಟ್ ಹಾಕಸೂಣು" ಎಂದ.

"ಅಂದ್ರ?"

"ಗಾಡಿ ಎರಡ್ ಇಂಚು ಏರತೈತಿ. ಅಜ್ಜೀನ್ನ ಕೆಸರಾಗ ಇಳಸೂ ಪ್ರಸಂಗನ ಬರೂದಿಲ್ಲ."

ಅಜ್ಜಿಯ ಹೆಸರೆತ್ತಿದ ಮೇಲೆ ನಾನು ಮರುಮಾತಾಡಲಿಲ್ಲ. ಒಳ್ಳೆಯ ಉದ್ದೇಶದ ಬೆನ್ನಿಗೆ ಎಷ್ಟು ಖರ್ಚು ಹತ್ತಿ ಬರುತ್ತದೆಂಬುದನ್ನು ಆಗ ನಾನು ಯೋಚಿಸಲಿಲ್ಲ. ನವರಾತ್ರಿಯ ಮೊದಲ ವಾರ ಎರಡು ಭಾರವಾದ ಪೆಟ್ಟಿಗೆಗಳು ಹಾವೇರಿಯ ಮನೆಗೆ ಬಂದವು. ಒಳಗೆ ಹೆಚ್ಚು ಬಾಗಿದ ನಾಲ್ಕು ಹೊಸ ಪಾಟಾ, ಉದ್ದನೆಯ ನಾಲ್ಕು ಶಾಕ್ ಅಬ್ಸಾರ್ಬರು, ಎಂಟು ಯು-ಬೋಲ್ಟು, ರಬ್ಬರಿನ ಬುಶ್ಶುಗಳು, ಉದ್ದನೆಯ ಬ್ರೇಕ್ ಪೈಪುಗಳು ಮತ್ತು ಉಕ್ಕಿನ ಬೆಣೆಗಳು. ನನ್ನಾಕೆ ಅವನ್ನೆಲ್ಲ ನೋಡಿ, "ಇಷ್ಟು ಕಬ್ಬಿಣದಾಗ ಒಂದ್ ಮನಿ ಛತ್ತು ಆಕ್ಕಿತ್ತು" ಎಂದಳು.

ಹಾವೇರಿಯಲ್ಲಿ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಆದರೆ ನಮ್ಮ ಜೀಪಿನ ನಾಡಿ ಬಲ್ಲ ಮಿಸ್ತ್ರಿ ಇರುವುದು ರಾಣೇಬೆನ್ನೂರಿನಲ್ಲಿ. ಪುಣೆ-ಬೆಂಗಳೂರು ರಸ್ತೆಯ ಮೇಲಿನ ಆ ಊರಿನಲ್ಲಿ ಹತ್ತಿ, ಬೀಜ, ಕಾಳುಕಡಿಯ ವ್ಯಾಪಾರ ದೊಡ್ಡದು. ವ್ಯಾಪಾರ ಇದ್ದಲ್ಲಿ ಲಾರಿ, ಲಾರಿ ಇದ್ದಲ್ಲಿ ಪಾಟಾ ಮುರಿಯುವುದು, ಪಾಟಾ ಮುರಿದಲ್ಲಿ ಅದನ್ನು ಬಲ್ಲ ಕೈ. ನಮ್ಮ ಮಿಸ್ತ್ರಿ ನಲವತ್ತು ವರ್ಷದಿಂದ ಅದೇ ಕೆಲಸ ಮಾಡಿದವನು. ಗಾಡಿಯ ಕೆಳಗೆ ನುಸುಳಿದವನು ಅಲ್ಲಿಂದಲೇ ಮಾತು ಶುರು ಮಾಡುವುದು ಅವನ ಪದ್ಧತಿ; ಹೀಗಾಗಿ ಅವನ ಪಾದಗಳಷ್ಟು ನನಗೆ ಅವನ ಮುಖ ಪರಿಚಯವಿಲ್ಲ.

ಮಿಸ್ತ್ರಿ ಪೆಟ್ಟಿಗೆಯಿಂದ ಒಂದು ಪಾಟಾ ತೆಗೆದು ನೆಲದ ಮೇಲಿಟ್ಟು, ಹಳೆಯದರ ಪಕ್ಕದಲ್ಲಿ ತೂಗಿ ನೋಡಿದ. "ಕಮಾನು ಛಲೋ ಐತ್ರಿ ಸರ" ಎಂದ. ಕಮಾನು! ಪಾರಸಿಯಲ್ಲಿ ಬಿಲ್ಲಿಗೆ ಕಮಾನೆಂದು ಹೆಸರು. ಬಾಗಿಲಿನ ಮೇಲೆ ಬಂದು ಅದು ತೋರಣವಾಯಿತು, ಗಾಡಿಯ ಕೆಳಗೆ ಬಂದು ಪಾಟಾ ಆಯಿತು. ಅಲ್ಲಿಗೆ ಕೆಲವೇ ಹರದಾರಿಯ ದೇವರಗುಡ್ಡದಲ್ಲಿ ಮಹಾನವಮಿಗೆ ಗೊರವಪ್ಪ ಬಿಲ್ಲು ಏರಿ ನಿಂತು ಕಾರ್ಣಿಕ ನುಡಿಯುತ್ತಾನಲ್ಲ, ಅದು ನೆನಪಾಯಿತು. ಇನ್ನು ನಾಲ್ಕು ದಿನಕ್ಕೆ ಅವನು ಒಂದು ಬಿಲ್ಲೇರುತ್ತಾನೆ. ನಾನು ನಾಲ್ಕು ಬಿಲ್ಲೇರಿ ಹೊರಡುತ್ತೇನೆ ಎಂದುಕೊಂಡೆ. ಗೊರವಪ್ಪ ನುಡಿದಾದ ಮೇಲೆ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ ಎಂಬುದು ಆಗ ನೆನಪಾಗಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಚಾಸಿಯನ್ನು ಎತ್ತಿ, ಅದರ ಕೆಳಗೆ ಕಬ್ಬಿಣದ ಆನಿಕೆಗಳನ್ನು ನಿಲ್ಲಿಸಿದ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಅವನು ಎಂದೂ ಹೋಗುವವನಲ್ಲ. "ಜಾಕು ಎತ್ತಾಕಷ್ಟ ರೀ, ಹಿಡ್ಯಾಕಲ್ಲ" ಎನ್ನುತ್ತಾನೆ. ಆಮೇಲೆ ಗಾಲಿ ಬಿಚ್ಚಿ, ಹಳೆಯ ಶಾಕ್ ಅಬ್ಸಾರ್ಬರು ಬಿಚ್ಚಿ, ಅಚ್ಚಿನ ಕೆಳಗೆ ಇನ್ನೊಂದು ಜಾಕು ಕೊಟ್ಟು ಯು-ಬೋಲ್ಟುಗಳಿಗೆ ಕೈ ಹಾಕಿದ. ಇಪ್ಪತ್ತೈದು ಮಳೆಗಾಲ ಕಂಡ ನಟ್ಟುಗಳು; ಪಾನಾಕ್ಕೆ ಜಗ್ಗಲಿಲ್ಲ. ಎಣ್ಣೆ ಹಾಕಿ ರಾತ್ರಿಯೆಲ್ಲ ನೆನೆಸಿ, ಮರುದಿನ ಸುತ್ತಿಗೆಯಿಂದ ಉಪದೇಶ ಮಾಡಿ, ಅದಕ್ಕೂ ಬಗ್ಗದ ಮೂರನ್ನು ಗ್ಯಾಸಿನಿಂದ ಕತ್ತರಿಸಬೇಕಾಯಿತು. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟನ್ನು ಮತ್ತೆ ಹಾಕಬಾರದಂತೆ; ಆದ್ದರಿಂದ ಆ ನಷ್ಟಕ್ಕೆ ಯಾರೂ ಅಳಲಿಲ್ಲ.

ಹೊಸ ಪಾಟಾ ಕೂರಿಸುವಾಗ ಅದರ ನಡುಬೋಲ್ಟಿನ ತಲೆ ಅಚ್ಚಿನ ಗದ್ದಿಗೆಯ ತೂತಿನಲ್ಲಿ ಸರಿಯಾಗಿ ಕೂರಬೇಕು; ಕೂದಲೆಳೆಯಷ್ಟು ತಪ್ಪಿದರೂ ಅಚ್ಚು ಓರೆಯಾಗಿ ಗಾಡಿ ಏಡಿಯಂತೆ ನಡೆಯುತ್ತದೆ. ಎರಡು ತುದಿಯ ಬೋಲ್ಟುಗಳನ್ನು ಮಿಸ್ತ್ರಿ ಸಡಿಲಾಗಿಯೇ ಬಿಟ್ಟ. ಬಿಗಿಯಲು ಮರೆತನೆಂದು ನಾನು ಜಾಣನಂತೆ ತೋರಿಸಿದೆ. "ಗಾಡಿ ನೆಲಕ್ಕ ಇಳದು ತನ್ನ ಭಾರ ತಾ ಹೊತ್ತ ಮ್ಯಾಲ ಬಿಗೀಬೇಕ್ರಿ. ಮ್ಯಾಲ ಇದ್ದಾಗ ಬಿಗದ್ರ ರಬ್ಬರು ತಿರುವಿ ಹರೀತೈತಿ" ಎಂದ. ತನ್ನ ಭಾರ ತಾನು ಹೊತ್ತ ಮೇಲೆ ಬಿಗಿಯಬೇಕೆಂಬ ಮಾತು ಮಕ್ಕಳನ್ನು ಬೆಳೆಸುವವರಿಗೂ ಉಪಯೋಗವಾದೀತೆಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಆದರೆ ಎತ್ತರವೆಂಬುದು ಒಂಟಿಯಾಗಿ ಬರುವ ನೆಂಟನಲ್ಲ. ಮೈ ಏರಿದ್ದರಿಂದ ಹಳೆಯ ಬ್ರೇಕ್ ಪೈಪು ಸಾಲದು; ಉದ್ದನೆಯದು ಬೇಕು. ಮುಂದಿನ ಅಚ್ಚು ಕೊಂಚ ವಾಲಿದ್ದರಿಂದ ಸ್ಟೇರಿಂಗು ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದಿಲ್ಲ. ಅದಕ್ಕೆ ಬೆಣೆ ಬೇಕು. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ದಂಡ ಈಗ ಹೆಚ್ಚು ಇಳಿಜಾರಾಗಿ, ಅದರ ಕೀಲು ನಡುಗುತ್ತದೆ. ಅದಕ್ಕೂ ಬೆಣೆ ಬೇಕು. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕನ್ನು, ಬೆಕ್ಕಿನ ಹಾಲಿಗೆಂದು ಹಸುವನ್ನು, ಹಸು ಕಾಯಲೆಂದು ಸಂಸಾರವನ್ನು ಕಟ್ಟಿಕೊಂಡ ಸನ್ಯಾಸಿಯ ಕತೆ ನನ್ನ ಕಣ್ಣ ಮುಂದೆಯೇ ನಡೆಯಿತು.

ಸಂಜೆ ಚಹಾ ಕುಡಿಯುವಾಗ ಮಿಸ್ತ್ರಿ ಎರಡು ಮಾತು ಹೇಳಿದ. ಒಂದು: "ತಿರುವಿನ್ಯಾಗ ಸಾವಕಾಶ ಹೋಗ್ರಿ ಸರ. ಗಾಲಿ ಅಗಲ ಇದ್ದಷ್ಟ ಐತಿ, ಭಾರ ಮ್ಯಾಲ ಹೋಗೇತಿ." ಎರಡನೆಯದು: "ಇನ್ನೊಂದು ತಿಳಕೋರಿ. ಮೈ ಏರೇತಿ, ಹೊಟ್ಟಿ ಏರಿಲ್ಲ." ಮೊದಲನೆಯದು ಅರ್ಥವಾಯಿತು. ಎರಡೂ ಗಾಲಿಗಳ ನಡುವಿನ ಅಗಲ ಹಾಗೆಯೇ ಉಳಿದು ಭಾರದ ಕೇಂದ್ರ ಮಾತ್ರ ಮೇಲೇರಿದರೆ ಗಾಡಿ ಮಗುಚುವುದು ಅಷ್ಟು ಸುಲಭವಾಗುತ್ತದೆ. ಎರಡನೆಯದಕ್ಕೆ ನಾನು ತಿಳಿದವನಂತೆ ತಲೆಯಾಡಿಸಿದೆ. ಚಹಾ ಚೆನ್ನಾಗಿತ್ತು.

ಹಾವೇರಿಗೆ ಮರಳುವಾಗ ನನ್ನ ಠೀವಿಯನ್ನು ನೋಡಬೇಕಿತ್ತು. ಎರಡಿಂಚು ಎಂದರೆ ಎರಡು ಬೆರಳಿನ ಜೋಡಿಗಿಂತ ತುಸು ಹೆಚ್ಚು. ಆದರೆ ಕೂತವನಿಗೆ ಅದು ಆನೆಯ ಅಂಬಾರಿಯಾಗುತ್ತದೆ. ಕಾರುಗಳ ತಲೆ ಬೋಳಾಗಿ ಕಾಣುತ್ತಿದ್ದವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿ, ಕೆಲಸವಿಲ್ಲದಿದ್ದರೂ ಬ್ಯಾಡಗಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ಮೆಣಸಿನಕಾಯಿಯ ಸುಗ್ಗಿ ಇನ್ನೂ ದೂರವಿತ್ತು; ಮಾರುಕಟ್ಟೆಯ ಅಂಗಳ ಕೆಂಪಾಗುವುದು ಸಂಕ್ರಾಂತಿಯ ಆಚೀಚೆ. ಪರಿಚಯದ ದಲಾಲರೊಬ್ಬರು ಜೀಪನ್ನು ಸುತ್ತು ಹಾಕಿ ನೋಡಿ, "ಏನ್ರೀ ಮಾಸ್ತರ, ಗಾಡಿ ನಮ್ಮ ಬ್ಯಾಡಗಿ ಕಾಯಿ ಆಗೇತಲ್ಲ" ಎಂದರು. ಹೊಗಳಿಕೆಯೆಂದೇ ತಿಳಿದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಕಾಯಿಯ ಕೀರ್ತಿ ಲೋಕಕ್ಕೆ ಗೊತ್ತಿದೆ. ಊರು ದಾಟಿದ ಮೇಲೆ ಹೊಳೆಯಿತು: ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ.

ಹಾವೇರಿಯಲ್ಲಿ ಇನ್ನೊಂದು ಖಾರ ಕಾದಿತ್ತು. ಸಂಜೆ ಕಟ್ಟೆಯ ಮೇಲೆ ಸೇರುವ ನಮ್ಮ ಮಂಡಳಿಯಲ್ಲಿ ಒಬ್ಬರು ವಕೀಲರು. ಅವರು ಜೀಪನ್ನು ನೋಡಿದ್ದೇ ತಡ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಬಿಚ್ಚಿದರು. ತಯಾರಿಸಿದವರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲಿಕನು ವಾಹನವನ್ನು ಬದಲಿಸಕೂಡದು. ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ. ಎರಡಿಂಚಿಗೆ ಆರು ತಿಂಗಳಾದರೆ ಇಂಚಿಗೆ ಮೂರು ತಿಂಗಳು ಬೀಳುತ್ತದೆಂದು ನಾನು ಲೆಕ್ಕ ಹಾಕಿದೆ. "ಅವ್ವನ ಸಲುವಾಗಿ ಮಾಡಿದೆನ್ರಿ" ಎಂದೆ. "ಕಾಯ್ದೆಯೊಳಗ ಅವ್ವನ ಕಲಮು ಇಲ್ಲ" ಎಂದರು ವಕೀಲರು.

ಹುಣ್ಣಿಮೆ ಬಂತು. ಹಿಂದಿನ ದಿನದ ಮಳೆ ಈ ಸಲವೂ ತಪ್ಪಲಿಲ್ಲ. ಬೆಳಗಿನಲ್ಲಿ ಹಾವೇರಿ ಬಿಟ್ಟು ನಾನು, ನನ್ನಾಕೆ, ಮಗ ಹಳ್ಳಿಯ ಮನೆಯ ಮುಂದೆ ಜೀಪು ನಿಲ್ಲಿಸಿದೆವು. ಒಳಗೆ ಶೇಂಗಾ ಹೋಳಿಗೆ, ಕಡಬು, ಎಣ್ಣೆ ಬದನೆಕಾಯಿ, ಪುಂಡಿಪಲ್ಯ ಎಲ್ಲ ಬುಟ್ಟಿ ಸೇರಿದ್ದವು. ಅವ್ವ ಇಲಕಲ್ಲ ಸೀರೆಯುಟ್ಟು, ಕೋಲೂರಿಕೊಂಡು ಹೊರಗೆ ಬಂದಳು. ಜೀಪನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಇದಕ್ಕೇನಾಗೇತೋ ತಮ್ಮಾ, ಬಾತೇತೇನು?"

"ಇಲ್ಲವ್ವಾ, ಎತ್ತರಾ ಮಾಡ್ಸೇವಿ. ನಿನ್ನ ಸಲುವಾಗಿ."

ಅವ್ವ ಕೋಲನ್ನು ಸೊಸೆಯ ಕೈಗೆ ಕೊಟ್ಟು, ಬಾಗಿಲಿನ ಚೌಕಟ್ಟು ಹಿಡಿದು ಬಲಗಾಲನ್ನೆತ್ತಿದಳು. ಕಾಲು ಮೆಟ್ಟುವ ಪಟ್ಟಿಯ ಅಂಚಿಗೆ ತಾಕಿತು, ಮೇಲಕ್ಕೆ ಹೋಗಲಿಲ್ಲ. ಇಳಿಸಿ, ಉಸಿರು ತೆಗೆದುಕೊಂಡು, ಮತ್ತೊಮ್ಮೆ ಎತ್ತಿದಳು. ಹೋದ ವರ್ಷ ಉಳುಕಿದ ಕಾಲು ಅದೇ. ಅವಳ ಮೊಳಕಾಲು ಎಲ್ಲಿಯವರೆಗೆ ಬಾಗುತ್ತದೋ ಅಲ್ಲಿಯವರೆಗೆ ಹಳೆಯ ಜೀಪು ಇತ್ತು. ಅದಕ್ಕಿಂತ ಎರಡಿಂಚು ಮೇಲೆ ಹೊಸ ಜೀಪು ನಿಂತಿತ್ತು. ಮೂರನೆಯ ಸಲ ಅವಳು ಎತ್ತಲಿಲ್ಲ. ಮಗ ಮುಂದೆ ಬಂದು, "ಅಜ್ಜೀ, ನಾ ಎತ್ತಿ ಕುಂದ್ರಸ್ತೀನಿ ಬಾ" ಎಂದ.

"ಎತ್ತಿ ಒಗ್ಯಾಕ ನಾ ಏನ್ ಮೆಣಸಿನಕಾಯಿ ಚೀಲೇನೋ?" ಎಂದಳು ಅವ್ವ. ಧ್ವನಿ ಗಟ್ಟಿಯಾಗಿಯೇ ಇತ್ತು. ಕೋಲು ಇಸಿದುಕೊಂಡು ಕಟ್ಟೆಯ ಮೇಲೆ ಕೂತಳು. "ನೀವು ಹೋಗಿ ಬರ್ರಿ. ಇಷ್ಟ್ ವರ್ಷ ನಾ ಚೆಲ್ಲೇನಿ, ಈ ಸಲ ಸೊಸಿ ಚೆಲ್ಲವಳ್ಳಾಕ" ಎಂದಳು. ಆಮೇಲೆ ಜೀಪಿನ ಕಡೆ ನೋಡಲಿಲ್ಲ.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಮಳೆಗಾಲದಲ್ಲಿ ಎರೆ ನೆಲ ಬಾಯಿ ಬಿಡುವುದಿಲ್ಲ.

ನಾವು ಹೀಗೆ ಬೆಪ್ಪಾಗಿ ನಿಂತಾಗ ಪಕ್ಕದ ಮನೆಯವರು ತಮ್ಮ ಚಕ್ಕಡಿ ಹೂಡುತ್ತಿದ್ದರು. ಊರಿನಲ್ಲಿ ಈಗ ಚಕ್ಕಡಿ ಉಳಿದಿರುವುದು ಬೆರಳೆಣಿಕೆಯಷ್ಟು. "ಯಕ್ಕಾ, ನಮ್ಮ ಗಾಡ್ಯಾಗ ಬಾ" ಎಂದು ಕರೆದರು. ಚಕ್ಕಡಿಯ ಗಾಲಿಯೇ ಎದೆಮಟ್ಟ. ಜೀಪು ಹತ್ತಲಾರದವಳು ಇದನ್ನು ಹೇಗೆ ಹತ್ತಿಯಾಳು ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಎತ್ತಿನ ಹೆಗಲಿನಿಂದ ನೊಗ ತೆಗೆದು ನೆಲಕ್ಕೆ ಊರಿದರು. ಇಡೀ ಗಾಡಿ ಮುಂದಕ್ಕೆ ಬಾಗಿ, ಅದರ ಹಾಸು ಅವ್ವನ ಮೊಳಕಾಲ ಕೆಳಗೆ ಬಂತು. ಅವ್ವ ಹಲಗೆಯ ಮೇಲೆ ಕೂತು, ಹಿಂದಕ್ಕೆ ಸರಿದು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ನೊಗ ಎತ್ತಿ ಮತ್ತೆ ಎತ್ತಿಗೆ ಕೊಟ್ಟರು. ಅವ್ವ ಅದರ ಜೊತೆಗೆ ಮೇಲೇರಿದಳು. ನಾನು ಹುಟ್ಟಿದಾಗಿನಿಂದ ನೋಡಿದ ದೃಶ್ಯ ಅದು. ಅಷ್ಟು ಎತ್ತರದ ಗಾಡಿ ಹತ್ತುವವರ ಮುಂದೆ ತಲೆ ಬಾಗಿಸುತ್ತದೆ ಎಂಬುದನ್ನು ಮಾತ್ರ ಅಂದೇ ಕಂಡೆ.

ಚಕ್ಕಡಿ ಮುಂದೆ, ಜೀಪು ಹಿಂದೆ. ಹೋದ ವರ್ಷದ ಜಾಗ ಬಂತು. ಚಕ್ಕಡಿ ತನ್ನ ಪಾಡಿಗೆ ತಾನು ದಾಟಿತು. ನಾನು ನಾಲ್ಕೂ ಗಾಲಿಗೆ ಶಕ್ತಿ ಕೊಟ್ಟು ಹಿಂದೆಯೇ ನುಗ್ಗಿಸಿದೆ. ಗರ್ ಎಂದಿತು, ಕೂತಿತು. ಅದೇ ಜಾಗ, ಅದೇ ದಿಬ್ಬ. ಇಳಿದು ಬಗ್ಗಿ ನೋಡಿದೆ. ಜೀಪಿನ ಮೈ, ಚಾಸಿ, ಮೆಟ್ಟಿಲ ಪಟ್ಟಿ ಎಲ್ಲ ಮೇಲೆ ನಿಶ್ಚಿಂತವಾಗಿದ್ದವು. ಹಿಂದಿನ ಅಚ್ಚಿನ ಮೇಲೆ ಕುಂಬಳಕಾಯಿಯಂತೆ ಉಬ್ಬಿದ ಹಲ್ಲುಗಾಲಿಗಳ ಗೂಡು ಮಾತ್ರ, ಮಿಸ್ತ್ರಿಗಳು ಡಿಫ್ರೆನ್ಸಲ್ ಎನ್ನುತ್ತಾರಲ್ಲ ಅದು, ದಿಬ್ಬದೊಳಗೆ ಹೂತಿತ್ತು. ಮಿಸ್ತ್ರಿಯ ಎರಡನೆಯ ಮಾತು ಆಗ ಅರ್ಥವಾಯಿತು. ಪಾಟಾ ಇರುವುದು ಅಚ್ಚಿಗೂ ಮೈಗೂ ನಡುವೆ. ಪಾಟಾ ಎತ್ತರವಾದರೆ ಅಚ್ಚಿನ ಮೇಲಿದ್ದದ್ದೆಲ್ಲ ಏರುತ್ತದೆ, ಅಚ್ಚು ಏರುವುದಿಲ್ಲ. ಅಚ್ಚು ಇರುವುದು ಗಾಲಿಯ ನಡುವಿನಲ್ಲಿ. ಅದನ್ನು ಎತ್ತಬೇಕಾದರೆ ಗಾಲಿಯೇ ದೊಡ್ಡದಾಗಬೇಕು. ಗಾಲಿ ನಾಲ್ಕಿಂಚು ಬೆಳೆದರೆ ಅಚ್ಚು ಎರಡಿಂಚು ಏರೀತು. ನಮ್ಮ ಸೀಮೆಯ ಬಡಿಗರು ಇದನ್ನು ಯಾವ ಕಾಲದಲ್ಲೋ ಕಂಡುಕೊಂಡು ಎದೆಮಟ್ಟದ ಗಾಲಿ ಮಾಡಿಟ್ಟಿದ್ದರು. ಆ ಗಾಲಿ ನನ್ನ ಕಣ್ಣ ಮುಂದೆಯೇ ಉರುಳುತ್ತ ಹೋಗುತ್ತಿತ್ತು.

ಮಗನ ಮುಖ ಸಣ್ಣದಾಗಿತ್ತು. "ಮುಂದಿನ ತಿಂಗಳ ದೊಡ್ಡ ಟಾಯರು ಹಾಕಸೂದಿತ್ತು ಅಪ್ಪಾ" ಎಂದ. ಸನ್ಯಾಸಿಯ ಹಸು ಅಂಬಾ ಎಂದಂತೆ ಕೇಳಿಸಿತು.

ಚಕ್ಕಡಿ ನಿಂತಿತು. ಎತ್ತು ಬಿಚ್ಚಿ ತಂದು ಜೀಪಿಗೆ ಸರಪಳಿ ಕಟ್ಟಿದರು. ಎರಡು ಎತ್ತು, ನಾಲ್ಕು ಜನ ಸೇರಿ ಅದನ್ನು ದಿಬ್ಬದಿಂದ ಎಳೆದರು. ಗಾಡಿಯಲ್ಲಿ ಕೂತೇ ಎಲ್ಲವನ್ನೂ ನೋಡುತ್ತಿದ್ದ ಅವ್ವ, "ತಲಿ ಎತ್ತರಾ ಮಾಡೀರಿ ಖರೆ, ಹೊಟ್ಟಿ ಅಲ್ಲೇ ಐತಲ್ಲೋ" ಎಂದಳು. ನಲವತ್ತು ವರ್ಷದ ಮಿಸ್ತ್ರಿಯೂ ಎಂದೂ ಪಾನಾ ಹಿಡಿಯದ ಅವ್ವನೂ ಒಂದೇ ಮಾತನ್ನು ಹೇಳಿದರೆ ಅದನ್ನು ವೇದವೆಂದೇ ತಿಳಿಯಬೇಕು. ಹೊಲದಲ್ಲಿ ಬನ್ನಿಯ ಬುಡದಲ್ಲಿ ಪೂಜೆಯಾಯಿತು. ಅವ್ವನೇ ಚರಗ ಚೆಲ್ಲಿದಳು. ಕೋಲು ಊರಿಕೊಂಡು ನಿಧಾನವಾಗಿ, ಆದರೆ ಒಂದು ಮೂಲೆಯನ್ನೂ ಬಿಡದೆ.

ಮುಂದಿನ ವಾರ ರಾಣೇಬೆನ್ನೂರಿಗೆ ಹೋದೆ. ಮಿಸ್ತ್ರಿ ಏನೂ ಕೇಳಲಿಲ್ಲ. ಒಳಗಿನ ಮೂಲೆಯಿಂದ ಗೋಣಿತಟ್ಟಿನಲ್ಲಿ ಸುತ್ತಿದ ಕಟ್ಟುಗಳನ್ನು ಎಳೆದು ತಂದ. ನಮ್ಮ ಹಳೆಯ ಪಾಟಾ. ತಿಕ್ಕಿ, ಎಣ್ಣೆ ಸವರಿ ಇಟ್ಟಿದ್ದ. "ಗುಜರಿಗೆ ಹಾಕಿಲ್ಲೇನು?" ಎಂದೆ. "ಎತ್ತರಾ ಮಾಡಿಸಿದವರಾಗ ಅರ್ಧ ಮಂದಿ ತಿರುಗಿ ಬರ್ತಾರ್ರೀ ಸರ. ಹಳೇದು ಇರಲಿ ಅಂತ ಇಟ್ಟೆ" ಎಂದ. ಆ ಸಲ ಹೊಸ ಯು-ಬೋಲ್ಟಿನ ದುಡ್ಡಷ್ಟೇ ತೆಗೆದುಕೊಂಡ. ಕಿಟ್ಟು ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಅದಕ್ಕೆ ಬೇಕಾದ ಎತ್ತರ ಅದಕ್ಕೆ ಸಿಕ್ಕಿದೆ.

ಟಾಯರಿಗೆಂದು ಮಗ ಕೂಡಿಸಿದ್ದ ಹಣ ಬೇರೆ ಕೆಲಸಕ್ಕೆ ಬಂತು. ಬೇಸಗೆಯಲ್ಲಿ ಅವನೇ ಹಳ್ಳಿಯಲ್ಲಿ ಹತ್ತು ದಿನ ನಿಂತ. ಆ ದಾರಿಯ ಹೊಲದವರೆಲ್ಲ ಸೇರಿದರು. ಎರಡೂ ಬದಿಗೆ ನೀರು ಹರಿಯಲು ಕಾಲುವೆ ತೆಗೆದು, ನಡುದಿಬ್ಬ ಕಡಿದು, ಜಾಡಿನಲ್ಲಿ ಗುಂಡುಗಲ್ಲು ತುಂಬಿ, ಮೇಲೆ ಟ್ರ್ಯಾಕ್ಟರಿನಲ್ಲಿ ಗರಸು ತಂದು ಹಾಕಿದರು. ಎರೆ ಮಣ್ಣು ಮೊದಲ ಮಳೆಗೆ ಅರ್ಧ ಗರಸನ್ನು ನುಂಗಿತು, ಮತ್ತೆ ಹಾಕಿದರು. ಗಾಡಿಯನ್ನು ಎತ್ತುವುದಕ್ಕಿಂತ ದಾರಿಯನ್ನು ಎತ್ತುವುದು ಬಹಳ ಬೆವರಿನ ಕೆಲಸ. ಆದರೆ ಅದಕ್ಕೆ ಯಾವ ಕಲಮೂ ಅಡ್ಡಿ ಬರುವುದಿಲ್ಲ, ಮತ್ತು ಹಿಂದೆ ಬರುವವರಿಗೂ ಅದು ಸಿಗುತ್ತದೆ.

ಈ ವರ್ಷದ ಸೀಗಿ ಹುಣ್ಣಿಮೆಗೆ ನಾನು ಜೀಪನ್ನು ತೊಳೆದು, ಅವ್ವನ ಮನೆಯ ಮುಂದೆ ತಂದು ನಿಲ್ಲಿಸಿದೆ. ಹಳೆಯ ಎತ್ತರ; ಸಾಲದೆಂದು ಕೆಳಗೆ ಒಂದು ಮಣೆಯನ್ನೂ ಇಟ್ಟೆ. ಅವ್ವ ಹೊರಗೆ ಬಂದು ಎಲ್ಲವನ್ನೂ ನೋಡಿದಳು. ಬಲಗಾಲನ್ನು ಮಣೆಯ ಮೇಲಿಟ್ಟು, ಅಲ್ಲಿಂದ ಜೀಪಿನ ಪಟ್ಟಿಯ ಮೇಲಿಟ್ಟು, ನಿರಾಯಾಸವಾಗಿ ಹತ್ತಿ ಕೂತಳು. ನನ್ನ ಎದೆ ತುಂಬಿ ಬಂತು.

"ಛಲೋ ಆಗೇತಿ" ಎಂದಳು. ಒಂದು ಕ್ಷಣ ಕೂತು, ಪಕ್ಕದ ಮನೆಯ ಕಡೆ ಕತ್ತು ಚಾಚಿ ಕೇಳಿದಳು: "ಆದರ ಅವರ ಚಕ್ಕಡಿ ಹೊಂಟತೇನು ನೋಡು. ಹೋದ ಸಲ ಆರಾಮ ಇತ್ತು."

ಮತ್ತೆ ಇಳಿದು ಹೋಗಿ ನೊಗ ಊರಿದ ಚಕ್ಕಡಿಯಲ್ಲಿ ಕೂತಳು. ಹೊಸ ಗರಸಿನ ದಾರಿಯಲ್ಲಿ ಚಕ್ಕಡಿ ಮುಂದೆ ಹೋಯಿತು. ನಾನು ಮೊದಲನೆಯ ಗೇರಿನಲ್ಲಿ, ಎತ್ತಿನ ನಡಿಗೆಗೆ ಸರಿಯಾಗಿ, ಹಿಂದೆ ಹಿಂದೆ ಜೀಪು ಬಿಟ್ಟುಕೊಂಡು ಹೋದೆ.